ಗೋಧಿಯ ಹಸಿರು ಅಳೆದು ಇಳುವರಿ ಹೇಳಿದ್ದು: ನನ್ನ ಅನುಭವ

ಈ ಹಿಂಗಾರಿಯಲ್ಲಿ ಜನವರಿ ಕೊನೆಗೆ ನಾನು ಬರೆದುಕೊಟ್ಟ ಅಂದಾಜು 470 ಕ್ವಿಂಟಲ್. ಮಾರ್ಚ್ ಮೊದಲ ವಾರ ವೇಬ್ರಿಡ್ಜ್ ಚೀಟಿಗಳನ್ನೆಲ್ಲ ಕೂಡಿಸಿದಾಗ 455ರ ಆಸುಪಾಸು ನಿಂತಿತು. ಮೂವತ್ತು ಎಕರೆ ಚಿಲ್ಲರೆ, ಏಳೆಂಟು ಜನರ ಹೊಲ, ಎರಡು ತಳಿ. ಕಣ್ಣಂದಾಜಿನಲ್ಲಿ ನಮ್ಮೂರಿಗೇ ಹೆಸರಾದ ಹಿರಿಯರೊಬ್ಬರು ಅದೇ ಹೊಲಗಳಿಗೆ 560 ಅಂದಿದ್ದರು. ಅವರಿಗೆ ನಾನು ಏನೂ ಹೇಳಲಿಲ್ಲ. ಚೀಟಿಗಳ ಜೆರಾಕ್ಸ್ ಮಾತ್ರ ಮನೆಗೆ ಕಳಿಸಿದೆ.

ನಮ್ಮದು ನವಲಗುಂದ ಕಡೆಯ ಎರೆಹೊಲ, ಮಲಪ್ರಭಾ ಕಾಲುವೆ ನೀರು. ಹೆಚ್ಚಿನ ಪಾಲು ಯುಎಎಸ್-304 ಎಂಬ ಗೋಧಿ ತಳಿ, ಒಂದಷ್ಟು ಜವೆ ಗೋಧಿ, ಅದರಲ್ಲಿ ಡಿಡಿಕೆ-1029 ತಳಿ. ಗುಂಪಾಗಿ ಮಾರುತ್ತೇವೆ, ಹಾಗಾಗಿ ಕಟಾವಿಗೆ ತಿಂಗಳು ಮೊದಲೇ ಎಷ್ಟು ಮಾಲು ಬರುತ್ತದೆಂದು ಖರೀದಿದಾರರಿಗೆ ಹೇಳಬೇಕು. ಚೀಲ, ಹಾರ್ವೆಸ್ಟರ್, ಲಾರಿ ಎಲ್ಲ ಆ ಅಂಕಿಯ ಮೇಲೆಯೇ ನಿಂತಿರುತ್ತವೆ. ಒಂದು ವರ್ಷ 600 ಎಂದು ಹೇಳಿ 430 ಬಂತು. ಲಾರಿಯ ಮುಂಗಡ ಹೋಯಿತು, ಚೀಲ ಉಳಿದವು, ಕಡಿಮೆ ಮಾಲಿಗೆ ದರದಲ್ಲೂ ಕಡಿತ ಬಿತ್ತು. ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಕೈಬಿಟ್ಟಿತು.

ಮೊದಲು ಹಿಡಿದದ್ದು ಸ್ಪ್ಯಾಡ್ ಮೀಟರ್, ಅದೂ ಪರಿಚಯದವರಿಂದ ಎರವಲು. ಎಲೆಯನ್ನು ಚಿಮಟಿಗೆಯಲ್ಲಿ ಹಿಡಿದಂತೆ ಹಿಡಿದರೆ ಅಂಕಿ ಬರುತ್ತದೆ. ಅದು ಹೇಳುವುದು ಆ ಎಲೆಯ ಹಸಿರನ್ನು ಮಾತ್ರ. ಹೊಲದಲ್ಲಿ ಎಷ್ಟು ಎಲೆ ಇದೆ, ಎಷ್ಟು ತೆಂಡೆ (ಬುಡದ ಕವಲು) ಒಡೆದಿದೆ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಬಿತ್ತನೆ ವಿರಳವಾಗಿದ್ದ ಹೊಲದಲ್ಲಿ ಗಿಡಕ್ಕೆ ಗೊಬ್ಬರ ಧಾರಾಳವಾಗಿ ಸಿಕ್ಕು 48 ತೋರಿಸಿತು. ದಟ್ಟವಾದ ಪಕ್ಕದ ಹೊಲ 43. ಇಳುವರಿ ತಿರುವುಮುರುವು. ಯೂರಿಯಾ ಬೇಕೋ ಬೇಡವೋ ಎಂದು ತಿಳಿಯಲು ಅದು ಒಳ್ಳೆಯ ಉಪಕರಣ, ಕ್ವಿಂಟಲ್ ಹೇಳಲು ಅಲ್ಲ.

ಆಮೇಲೆ ಕೈಯಲ್ಲಿ ಹಿಡಿಯುವ ಗ್ರೀನ್‌ಸೀಕರ್ ಕೊಂಡೆ. ಅರವತ್ತು ಸಾವಿರದ ಆಸುಪಾಸು ಬಿತ್ತು. ಅದರ ದುಡ್ಡಿಗೆ ಒಂದು ಒಳ್ಳೆಯ ಎಮ್ಮೆ ಬರುತ್ತಿತ್ತು ಎಂದು ಮನೆಯಲ್ಲಿ ಇಂದಿಗೂ ನೆನಪಿಸುತ್ತಾರೆ. ಬಂದೂಕಿನ ಕುದುರೆಯಂತಹ ಗುಂಡಿ ಒತ್ತಿ ಹಿಡಿದು ಸಾಲಿನ ಮೇಲೆ ನಡೆದರೆ ಎನ್‌ಡಿವಿಐ, ಅಂದರೆ ಬೆಳೆಯ ಹಸಿರಿನ ಸೂಚ್ಯಂಕದ ಸರಾಸರಿ ಬರುತ್ತದೆ, ಸೊನ್ನೆಯಿಂದ 0.99ರ ಒಳಗೆ. ಮೊದಲ ದಿನವೇ ಬದುವಿನ ಮೇಲೆ ಕೂತಿದ್ದ ಕಾಕಾ ಕೇಳಿದರು:

“ಏನಪಾ, ಗೋಧಿಗೆ ಜ್ವರ ಬಂದಾವೇನು? ಗನ್ ಹಿಡಕೊಂಡು ಹೊಂಟಿ?”

“ಜ್ವರ ಅಲ್ರಿ ಕಾಕಾ, ಹಸರ ಎಷ್ಟೈತಿ ನೋಡಾಕತ್ತೇನ್ರಿ.”

“ಹಸರ ನೋಡಾಕ ದೇವರು ಕಣ್ಣ ಕೊಟ್ಟಾನಲ್ಲೋ!”

ಆ ವರ್ಷದ ಮಟ್ಟಿಗೆ ಕಾಕಾ ಅವರೇ ಗೆದ್ದರು. ಅಮೆರಿಕದ ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದವರು ಮಾಡಿದ ಸೂತ್ರ ಹಾಕಿದ್ದೆ: ಎನ್‌ಡಿವಿಐಯನ್ನು ಬಿತ್ತಿದ ಮೇಲಿನ ದಿನಗಳಿಂದ ಭಾಗಿಸುವುದು, ಗಿಡ ಬೆಳೆಯಲಾರದಷ್ಟು ತಣ್ಣಗಿದ್ದ ದಿನಗಳನ್ನು ಬಿಟ್ಟು. ಅಲ್ಲಿ ಚಳಿಗಾಲದ ಗೋಧಿ, ಎಂಟೊಂಬತ್ತು ತಿಂಗಳು ಹೊಲದಲ್ಲಿರುತ್ತದೆ. ನಮ್ಮಲ್ಲಿ ಬಿಡಬೇಕಾದ ತಣ್ಣನೆಯ ದಿನವೇ ಇಲ್ಲ, ನೂರಾಹತ್ತು ದಿನಕ್ಕೆ ಬೆಳೆ ಮುಗಿದೇ ಹೋಗುತ್ತದೆ. ಸೂತ್ರದ ಆಲೋಚನೆ ಸರಿ, ಅದರ ಅಂಕಿಗಳು ಇಲ್ಲಿಗೆ ಹೊಂದುವುದಿಲ್ಲ. ನಮ್ಮ ಅಂಕಿ ನಾವೇ ಕಟ್ಟಿಕೊಳ್ಳಬೇಕು.

ಕಟ್ಟಿಕೊಳ್ಳುವುದು ಹೇಗೆಂದರೆ ಓದು ತೆಗೆದ ಜಾಗದಲ್ಲೇ ಕೊಯ್ದು ತೂಗುವುದು. ಬೆಳೆ ಕಟಾವು ಪ್ರಯೋಗದವರು ಹಾಕುವ 5 ಮೀಟರ್‌ಗೆ 5 ಮೀಟರ್ ಚೌಕವೇ ಸಾಕು. ಅಂತಹ ಚೌಕ ಎಕರೆಗೆ ಸುಮಾರು 162. ಹಾಗಾಗಿ ಚೌಕದಲ್ಲಿ ಬಂದ ಕಿಲೋವನ್ನು 1.62ರಿಂದ ಗುಣಿಸಿದರೆ ಎಕರೆಗೆ ಕ್ವಿಂಟಲ್. ಹತ್ತು ಕಿಲೋ ಬಂದರೆ ಹದಿನಾರು ಕ್ವಿಂಟಲ್ ಚಿಲ್ಲರೆ. ಹಗ್ಗ ಮೂಲೆಯಿಂದ ಮೂಲೆಗೆ ಕರ್ಣದಲ್ಲೂ ಅಳೆಯಬೇಕು, ಏಳು ಮೀಟರ್‌ಗೆ ಏಳು ಸೆಂಟಿಮೀಟರ್ ಜಾಸ್ತಿ ಬರಬೇಕು. ಇಲ್ಲದಿದ್ದರೆ ಚೌಕ ಸೊಟ್ಟಗಾಗಿ ಲೆಕ್ಕವೂ ಸೊಟ್ಟ. ಬಡಿದ ಕಾಳನ್ನು ಎರಡು ಬಿಸಿಲು ಒಣಗಿಸಿ ತೂಗಿ. ಹಸಿ ಕಾಳು ತೂಗಿ ಹಿಗ್ಗಿದವರನ್ನು ನೋಡಿದ್ದೇನೆ.

ಎರಡನೇ ವರ್ಷ ನಿಜವಾದ ಗಂಟು ಎಲ್ಲಿದೆ ಎಂದು ಗೊತ್ತಾಯಿತು. ಒಂದೇ ತಳಿ, ಒಂದೇ ವಾರದ ಬಿತ್ತನೆ, ಒಂದು ಹೊಲ ಕಾಲುವೆಯ ಬುಡದಲ್ಲಿ, ಇನ್ನೊಂದು ಬಾಲದಲ್ಲಿ. ಹೂವಾಡುವಾಗ ಎರಡರಲ್ಲೂ 0.80. ಬಾಲದ ಹೊಲ ನೋಡಲು ಇನ್ನೂ ಚೆಂದ, ಯೂರಿಯಾ ಜಾಸ್ತಿ ಕಂಡಿತ್ತು. ಕೊನೆಯ ಸರದಿಯಲ್ಲಿ ನೀರು ಬಾಲಕ್ಕೆ ಮುಟ್ಟಲಿಲ್ಲ, ಫೆಬ್ರವರಿ ಬಿಸಿಲು ಬೇಗ ಏರಿತು. ಬುಡದ ಹೊಲ ಎಕರೆಗೆ ಹದಿನೇಳು, ಬಾಲದ್ದು ಹನ್ನೊಂದು. ಸಾವಿರ ಕಾಳು ಎಣಿಸಿ ತೂಗಿದರೆ ಒಂದರದ್ದು ನಲವತ್ತು ಗ್ರಾಂ, ಇನ್ನೊಂದರದ್ದು ಮೂವತ್ತನ್ನೂ ಮುಟ್ಟಲಿಲ್ಲ. ಕೈಗೆ ಹಾಕಿಕೊಂಡರೆ ಸುಕ್ಕು ಬೆರಳಿಗೇ ತಿಳಿಯುತ್ತಿತ್ತು.

ಹೂವಿನ ಹೊತ್ತಿನ ಹಸಿರು ಹೊಟ್ಟಿನ ಲೆಕ್ಕ. ಕಾಳಿನ ಲೆಕ್ಕ ಬೇಕಾದರೆ ಆ ಹಸಿರು ಎಷ್ಟು ದಿನ ನಿಲ್ಲುತ್ತದೆ ಎಂದು ನೋಡಬೇಕು. ಮೇಲಾಗಿ ದಟ್ಟ ಬೆಳೆಯಲ್ಲಿ 0.80 ದಾಟಿದ ಮೇಲೆ ಮಷೀನಿಗೆ ಒಳ್ಳೆಯದು, ಇನ್ನೂ ಒಳ್ಳೆಯದು ಎಂಬ ವ್ಯತ್ಯಾಸ ಕಾಣುವುದೇ ಇಲ್ಲ. ಈಗ ಎರಡು ಸಲ ಓದುತ್ತೇನೆ, ಅರವತ್ತು ದಿನದ ಹೊತ್ತಿಗೆ ಒಮ್ಮೆ, ಹಾಲುಗಾಳು ಗಟ್ಟಿಯಾಗುವ ಎಂಬತ್ತೈದರ ಹೊತ್ತಿಗೆ ಇನ್ನೊಮ್ಮೆ. ಎರಡನೇ ಓದು 0.55ರ ಮೇಲಿದ್ದರೆ ನಿಶ್ಚಿಂತೆ. 0.35ಕ್ಕೆ ಇಳಿದಿದ್ದರೆ ಚೀಲ ಕಡಿಮೆ ತರಿಸಿ. ನಡುವಿನದಕ್ಕೆ ಎರಡೂ ಓದುಗಳನ್ನು ಬೆರೆಸಬೇಕು. ಯಾವುದಕ್ಕೆ ಎಷ್ಟು ಪಾಲು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ದುಡ್ಡು ಕಳೆದು ಸಿಕ್ಕ ಅಂಕಿ, ನಿಮ್ಮ ಹೊಲಕ್ಕೆ ಹೇಗೂ ಬೇರೆಯೇ ಬರುತ್ತದೆ. ಹೊಲದ ಯಾವ ಭಾಗವನ್ನು ಲೆಕ್ಕದಿಂದ ಬಿಡುತ್ತೇನೆ ಎಂಬುದೂ ನನ್ನಲ್ಲೇ ಇರಲಿ.

ಉಳಿದ ಜಾಗ್ರತೆ ಗೊತ್ತಿರುವವೇ. ನೀರು ಹಾಯಿಸಿದ ಮರುದಿನ ಓದಬೇಡಿ. ಬೆಳೆ ವಿರಳವಿದ್ದರೆ ಒದ್ದೆ ಎರೆಮಣ್ಣಿನ ಕಪ್ಪಿಗೇ ಅಂಕಿ ಏರುತ್ತದೆ. ಕರಿಕೆ ಹಬ್ಬಿದ ಕಡೆ ಮಷೀನ್ ಅದನ್ನೂ ಗೋಧಿಯೆಂದೇ ಓದುತ್ತದೆ. ಮಳೆಯಾಶ್ರಿತ ಹೊಲದಲ್ಲಿ ಅಕ್ಕಡಿ ಕುಸುಬಿ ಸಾಲಿದ್ದರೆ ಅದನ್ನು ತಪ್ಪಿಸಿ ನಡೆಯಿರಿ. ಭಂಡಾರ (ತುಕ್ಕು) ರೋಗ ಬಿದ್ದ ಹೊಲದಲ್ಲಿ ಎರಡನೇ ಓದು ಕುಸಿಯುತ್ತದೆ, ಅದು ಸುಳ್ಳಲ್ಲ, ಕಾಳೂ ಹಾಗೆಯೇ ಕುಸಿಯುತ್ತದೆ.

ನಡುವೆ ಚಪಲಕ್ಕೆ ಮಾಡಿದವೂ ಇವೆ. ಮಷೀನಿಗೆ ತನ್ನದೇ ಬೆಳಕಿದೆ, ಸೂರ್ಯ ಬೇಡ ಎನ್ನುತ್ತಾರಲ್ಲ, ಅದಕ್ಕೆ ರಾತ್ರಿ ಊಟವಾದ ಮೇಲೆ ಹೋಗಿ ಓದಿದೆ. ಹಗಲಿನ ಅಂಕಿಗೆ ಹತ್ತಿರವೇ ಬಂತು, ಇಬ್ಬನಿ ಬೀಳುವವರೆಗೆ. ಆಮೇಲೆ ಕದಲಿತು. ಯಾರೋ ಕಳ್ಳನೆಂದು ನಾಯಿ ಬಿಟ್ಟರು, ಆ ಪ್ರಯೋಗ ಅಲ್ಲಿಗೆ ಮುಗಿಯಿತು. ಮೊಬೈಲ್ ಫೋಟೊದಲ್ಲಿ ಹಸಿರು ಎಷ್ಟು ಪಾಲು ಎಂದು ಎಣಿಸುವುದನ್ನೂ ನೋಡಿದೆ. ತೆಂಡೆ ಒಡೆಯುವ ಹೊತ್ತಿನಲ್ಲಿ ಚೆನ್ನಾಗಿದೆ, ಸಾಲು ಕೂಡಿಕೊಂಡ ಮೇಲೆ ಪ್ರಯೋಜನವಿಲ್ಲ.

ಪುಕ್ಕಟೆ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರ ಮಾತ್ರ ಬಿಡಬೇಡಿ. ಅದರ ಒಂದು ಚುಕ್ಕೆ 10 ಮೀಟರ್‌ಗೆ 10 ಮೀಟರ್, ಅಂದರೆ ಹೆಚ್ಚೂಕಡಿಮೆ ಒಂದು ಗುಂಟೆ! ಐದು ದಿನಕ್ಕೊಮ್ಮೆ ಬರುತ್ತದೆ, ನಮ್ಮ ಹಿಂಗಾರಿಯಲ್ಲಿ ಮೋಡದ ಕಾಟವೂ ಕಡಿಮೆ. ಬದುವಿನ ಬೇವು, ಜಾಲಿ ಸೇರಿದ ಅಂಚಿನ ಚುಕ್ಕೆಗಳನ್ನು ತೆಗೆದರೆ ಎರಡು ಎಕರೆ ಹೊಲದಲ್ಲೂ ನಡುವೆ ಮೂವತ್ತು ನಲವತ್ತು ಚುಕ್ಕೆ ಉಳಿಯುತ್ತವೆ. ಎಲ್ಲಿ ಬೇಗ ಹಳದಿಯಾಗುತ್ತಿದೆ ಎಂದು ಅದರಲ್ಲಿ ನೋಡಿ, ಅಲ್ಲಿಗೆ ಮಷೀನ್ ಹಿಡಿದು ಹೋಗುತ್ತೇನೆ. ಫಸಲ್ ಬಿಮಾದಲ್ಲೇ 2023ರಿಂದ ಭತ್ತ ಮತ್ತು ಗೋಧಿಯ ಇಳುವರಿ ಲೆಕ್ಕದಲ್ಲಿ ಶೇ 30ರಷ್ಟು ತೂಕ ಇಂತಹ ತಂತ್ರಜ್ಞಾನಕ್ಕೆ ಕೊಟ್ಟಿರುವಾಗ, ನಮ್ಮ ಹೊಲದ ಚಿತ್ರ ನಮಗೇ ಓದಲು ಬಾರದಿದ್ದರೆ ಹೇಗೆ?

ಜವೆ ಗೋಧಿ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಒಮ್ಮೆ ನೆಲಕ್ಕೆ ಒರಗಿದರೆ ಓದು ಹಾದಿ ತಪ್ಪುತ್ತದೆ. ತೂಕದಲ್ಲೂ ಸಿಪ್ಪೆ ಸೇರಿರುತ್ತದೆ, ಕುಟ್ಟಿಸಿದ ಮೇಲೆ ಉಳಿಯುವುದು ಮೂರರಲ್ಲಿ ಎರಡು ಪಾಲು ಚಿಲ್ಲರೆ. ಖರೀದಿದಾರರು ಸಿಪ್ಪೆ ಸಹಿತ ಕೇಳುತ್ತಾರೋ, ಸಿಪ್ಪೆ ತೆಗೆದ ಮೇಲೆ ಕೇಳುತ್ತಾರೋ ಎಂದು ಮೊದಲೇ ಬರೆಸಿಕೊಳ್ಳಿ. ಮಷೀನ್ ಬೇಕಾದ ಸುತ್ತಲಿನ ಹಳ್ಳಿಯವರು ಡಿಸೆಂಬರ್‌ನಲ್ಲೇ ಹೇಳಿಡಿ, ಎಕರೆ ಲೆಕ್ಕದಲ್ಲಿ ಬಾಡಿಗೆ, ಗಾಡಿ ಖರ್ಚು ಬೇರೆ. ಕಾಕಾ ಅವರ ಎರಡು ಎಕರೆಗೆ ಮಾತ್ರ ಪುಕ್ಕಟೆ ಓದಿಕೊಡುವುದೆಂದು ಒಪ್ಪಂದವಾಗಿದೆ.