ಸೆಕೆಂಡ್ ಹ್ಯಾಂಡ್ ಕಾರಿಗೆ ನೀರು ಎಲ್ಲಿಂದ ಬರುತ್ತದೆ?

ತುಮಕೂರಿನ ಕಡೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಅಪರೂಪ. ಆ ತಿಂಗಳುಗಳಲ್ಲಿ ಹಳೆ ಕಾರು ಕೊಂಡವರಿಗೆ ಅದು ಸೋರುತ್ತದೆ ಎಂದು ಗೊತ್ತಾಗುವುದು ಉತ್ತರೆ, ಹಸ್ತ, ಚಿತ್ತೆ ಮಳೆ ಜೋರಾಗಿ ಹಿಡಿದಾಗಲೇ. ಹಿಂದಿನ ಮಳೆಗಾಲಗಳ ತುಕ್ಕು ಮಾತ್ರ ಕಾರ್ಪೆಟ್ ಅಡಿ ಆಗಲೇ ಕೂತಿರುತ್ತದೆ. ಇಲ್ಲಿ ಬರೆಯುತ್ತಿರುವುದು ನಾನು ಅನುಸರಿಸುವ ಕ್ರಮ. ನೀರು ಕಾಣಿಸುವ ಜಾಗ ಬೇರೆ, ಒಳಗೆ ನುಗ್ಗುವ ಜಾಗ ಬೇರೆ. ನುಗ್ಗುವ ಜಾಗ ಕಣ್ಣಾರೆ ಕಾಣುವವರೆಗೆ ಸಂದು ಮುಚ್ಚುವ ಅಂಟಿನ, ಅಂದರೆ ಸೀಲೆಂಟ್ ಟ್ಯೂಬಿನ ಮುಚ್ಚಳ ತೆಗೆಯಬಾರದು. "ಸ್ವಲ್ಪ ಸಿಲಿಕಾನ್ ಹೊಡೆದ್ರೆ ಸರಿ ಹೋಗುತ್ತೆ ಸಾರ್" ಅನ್ನುವ ಮಾತು ಯಾವ ಗ್ಯಾರೇಜಿನಲ್ಲೂ ಕೇಳಿಬರುತ್ತದೆ. ಅದನ್ನು ಒಪ್ಪಿಕೊಂಡರೆ ಸೋರಿಕೆಯ ಜೊತೆಗೆ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ, ಆ ಸಿಲಿಕಾನ್ ಕೆರೆಯುವುದು.

ಕೊಳ್ಳುವ ಮೊದಲೇ ನೋಡಬೇಕಾದ್ದು ಪ್ರವಾಹದ ಗುರುತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ನಿಂತಿದ್ದವು. ಹಾಗೆ ಮುಳುಗಿದ ಕಾರುಗಳನ್ನು ತೊಳೆದು, ಸೀಟಿಗೆ ಹೊಸ ಕವರ್ ಹಾಕಿ ಬೇರೆ ಊರಿನಲ್ಲಿ ಮಾರುವುದು ಈ ವ್ಯಾಪಾರದಲ್ಲಿ ನಡೆಯುತ್ತದೆ. ಬೆಂಗಳೂರಿಗೆ ಇಲ್ಲಿಂದ 70 ಕಿ.ಮೀ. ಮಾತ್ರ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಸುರುಳಿಯ ಒಳತುದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಅಡಿಯ ಸ್ಪ್ರಿಂಗ್, ಡ್ಯಾಶ್‌ಬೋರ್ಡ್ ಕೆಳಗಿನ ಸ್ಕ್ರೂಗಳ ತಲೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಇವುಗಳಿಗೆ ಟಾರ್ಚ್ ಬಿಡಿ. ಹಳೆಯ ವಿಮಾ ಪಾಲಿಸಿಯ ಪ್ರತಿಯನ್ನೂ ಕೇಳಿ. ಅದರಲ್ಲಿ ನೋ ಕ್ಲೇಮ್ ಬೋನಸ್ (ಹಿಂದೆ ಪರಿಹಾರ ಕೇಳದಿದ್ದರೆ ಸಿಗುವ ರಿಯಾಯಿತಿ) ಸೊನ್ನೆಯಿದ್ದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಮುಳುಗಿದ ಕಾರನ್ನು ಸರಿಮಾಡುವ ಪ್ರಯತ್ನವನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಮುಂದೆ ಹೇಳುವುದೆಲ್ಲ ಮಳೆಗೆ ಸೋರುವ ಕಾರಿನ ವಿಷಯ.

ಮೊದಲು ಇದು ಯಾವ ನೀರು ಎಂದು ತೀರ್ಮಾನವಾಗಬೇಕು. ಬೆರಳಿನಿಂದ ಮುಟ್ಟಿ ನೋಡಿ. ಜಿಗುಟಾಗಿ, ಸಿಹಿ ವಾಸನೆಯಿದ್ದು, ಗಾಜಿನ ಒಳಬದಿಗೆ ಎಣ್ಣೆಯಂಥ ಮಬ್ಬು ಕಟ್ಟುತ್ತಿದ್ದರೆ ಅದು ಕೂಲೆಂಟ್, ಎಂಜಿನ್ ತಣಿಸುವ ದ್ರವ. ಹೀಟರ್ ಕೋರ್ (ಆ ದ್ರವದ ಬಿಸಿಯಿಂದ ಕಾರಿನೊಳಗೆ ಬೆಚ್ಚಗೆ ಮಾಡುವ ಸಣ್ಣ ರೇಡಿಯೇಟರ್) ಅಥವಾ ಅದರ ಪೈಪ್ ಸೋರುತ್ತಿದೆ, ಬಾನೆಟ್ ಅಡಿಯ ಡಬ್ಬಿಯಲ್ಲಿ ಮಟ್ಟ ಇಳಿದಿರುತ್ತದೆ. ಬಣ್ಣ, ವಾಸನೆ ಇಲ್ಲದ ನೀರು ಎಸಿ ಓಡಿದ ದಿನ ಮಾತ್ರ ಮುಂದಿನ ಎಡ ಸೀಟಿನ ಕಾಲಿಡುವ ಜಾಗದಲ್ಲಿ ಬಂದರೆ ಎಸಿಯ ಡ್ರೈನ್ ಪೈಪ್ ಕಟ್ಟಿದೆ. ಸೆಕೆ, ತೇವ ಇರುವ ದಿನ ಎಸಿ ಹಾಕಿ ಕಾಲು ಗಂಟೆ ನಿಲ್ಲಿಸಿದರೆ ಕಾರಿನ ಅಡಿ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಕೆಳಗಿನಿಂದ ಆ ರಬ್ಬರ್ ಪೈಪಿಗೆ ಮೆಲ್ಲನೆ ಗಾಳಿ ಕೊಡಿ. ಗಟ್ಟಿ ತಂತಿ ತೂರಿಸಬೇಡಿ, ಒಳಗೆ ಕೂಲಿಂಗ್ ಕಾಯಿಲ್ ಇದೆ, ಅದು ತೂತಾದರೆ ಗ್ಯಾಸ್ ಹೋಗುತ್ತದೆ. ಈ ಎರಡೂ ಅಲ್ಲ, ಧೂಳಿನ ವಾಸನೆಯಿದೆ, ಮಳೆಯ ಮರುದಿನವೇ ಬರುತ್ತದೆ ಎಂದರೆ ಅದು ಹೊರಗಿನ ನೀರು.

ಹುಡುಕುವ ಮೊದಲು ಒಳಗನ್ನು ಬಿಚ್ಚಿ ಒಣಗಿಸಬೇಕು. ಮೇಲಿನ ಕಾರ್ಪೆಟ್ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಅದರ ಅಡಿಯ ಫೋಮ್ ಲೀಟರುಗಟ್ಟಲೆ ನೀರು ಹಿಡಿದಿಟ್ಟಿರುತ್ತದೆ. ಹಿಡಿದಿಟ್ಟ ಹಳೆ ನೀರು ಹರಿದು ಬಂದರೆ ಹೊಸ ಸೋರಿಕೆ ಎಂದೇ ಅನ್ನಿಸುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ ಹತ್ತು ನಿಮಿಷ ಕಾಯಿರಿ. ಸೀಟಿನ ಅಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗ್ ಮತ್ತು ಬೆಲ್ಟಿಗೆ ಸೇರಿದ್ದು. ಅದು ಕಳಚಿರುವಾಗ ಕೀ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿಕೊಂಡು, ಅದನ್ನು ಆರಿಸಲು ಸ್ಕ್ಯಾನರ್ ಬೇಕಾಗುತ್ತದೆ. ಮುಂದಿನ ಒಂದೊಂದು ಸೀಟಿಗೂ ಸಾಮಾನ್ಯವಾಗಿ ನಾಲ್ಕು ಬೋಲ್ಟ್. ಹೆಚ್ಚಿನ ಕಾರುಗಳಿಗೆ 14ರ ಸಾಕೆಟ್ ಸಾಕು, ಕೆಲವು ಯುರೋಪಿನ ಕಾರುಗಳಿಗೆ ನಕ್ಷತ್ರದ ತುದಿಯ ಟಾರ್ಕ್ಸ್ ಬಿಟ್ ಬೇಕು. ಕಾರ್ಪೆಟನ್ನು ಫೋಮ್ ಮೇಲೆ ಬರುವಂತೆ ಮಗುಚಿ, ಇಳಿಜಾರಾಗಿ ಬಿಸಿಲಿಗೆ ಹಾಕಿ. ಫೋಮಿನ ಮೇಲೆ ನ್ಯೂಸ್‌ಪೇಪರ್ ಇಟ್ಟು ಒತ್ತಿದಾಗ ಪಸೆ ಹತ್ತಬಾರದು, ಅಲ್ಲಿಯವರೆಗೂ ಒಣಗಬೇಕು. ಕಾರ್ಪೆಟ್ ಇಲ್ಲದೆಯೇ ಕಾರನ್ನು ಕೆಲವು ದಿನ ಓಡಿಸಬಹುದು. ನಾನು ಹಾಗೆಯೇ ಮಾಡುತ್ತೇನೆ.

ನೀರು ಬಿಡುವುದಕ್ಕೆ ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಹೊರಗೆ. ಗಿಡಕ್ಕೆ ನೀರು ಬಿಡುವ ಸಾಧಾರಣ ಪೈಪೇ ಬೇಕು. ವಾಟರ್ ವಾಷಿನ ಪ್ರೆಷರ್ ಗನ್ ಮಳೆ ಎಂದೂ ನುಗ್ಗದ ಕಡೆಗೂ ನೀರು ನುಗ್ಗಿಸಿ ದಾರಿ ತಪ್ಪಿಸುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ಬಾಗಿಲಿನ ಗಾಜು, ಮುಂಗಾಜಿನ ಬುಡ, ಮುಂಗಾಜಿನ ಪಕ್ಕ, ಕೊನೆಗೆ ಟಾಪ್. ಒಂದೊಂದು ಜಾಗಕ್ಕೂ ಐದು ನಿಮಿಷ. ಮೊದಲೇ ಟಾಪ್ ಮೇಲೆ ಸುರಿದರೆ ನೀರು ಎಲ್ಲ ಕಡೆಗೂ ಇಳಿದು ಯಾವುದೂ ಗೊತ್ತಾಗುವುದಿಲ್ಲ. ಒಳಗಿನ ತಗಡಿನ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿರಿ. ಹನಿ ಓಡಿದ ಜಾಡು ಅದರಲ್ಲಿ ಗೆರೆಯಾಗಿ ಉಳಿಯುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಬೇಕು. ಕಾರು ಇಳಿಜಾರಿನಲ್ಲಿ ನಿಂತಿದ್ದರೆ ಹಿಂದೆ ಬಂದ ನೀರು ಮುಂದಿನ ಕಾಲಡಿಗೆ ಹರಿಯುತ್ತದೆ. ಆದ್ದರಿಂದ ಸಮತಟ್ಟಾದ ಜಾಗದಲ್ಲಿ ಒಮ್ಮೆ, ಮೂತಿ ತಗ್ಗಾಗಿ ನಿಲ್ಲಿಸಿ ಒಮ್ಮೆ ನೋಡಿ. ನೀರಿನಿಂದ ಸಿಗದ ಸಣ್ಣ ಸೀಳಿಗೆ ಬೇರೆ ದಾರಿಯಿದೆ. ಎಲ್ಲ ಗಾಜು ಮುಚ್ಚಿ, ಹೊರಗಾಳಿ ಬರುವಂತೆ ಇಟ್ಟು, ಬ್ಲೋವರನ್ನು ಪೂರ್ತಿ ಜೋರು ಮಾಡಿ, ಹೊರಗಿನಿಂದ ಸೋಪಿನ ನೀರು ಬಳಿಯಿರಿ. ಗಾಳಿ ಹೊರಬರುವ ಕಡೆ ಗುಳ್ಳೆ ಏಳುತ್ತದೆ.

ನಮ್ಮ ಕಡೆಯ ಕಾರುಗಳಲ್ಲಿ ನಾನು ಮೊದಲು ನೋಡುವುದು ವೈಪರ್ ಅಡಿಯ ಕಪ್ಪು ಪ್ಲಾಸ್ಟಿಕ್ ಹೊದಿಕೆ. ಹೊಂಗೆ, ಬೇವು, ಹುಣಸೆ ಮರದ ಅಡಿ ನಿಲ್ಲುವ ಕಾರಿನಲ್ಲಿ ಅದರ ಕೆಳಗೆ ಎಲೆ, ಹೂವು, ಧೂಳು ಸೇರಿ ಗೊಬ್ಬರವಾಗಿರುತ್ತದೆ. ನೀರು ಇಳಿಯಬೇಕಾದ ಎರಡು ಮೂಲೆಯ ತೂತು ಕಟ್ಟಿದಾಗ ಅಲ್ಲಿ ನೀರು ನಿಂತು, ಬ್ಲೋವರಿಗೆ ಗಾಳಿ ಎಳೆಯುವ ಬಾಯಿಂದ ಒಳಗೆ ಬರುತ್ತದೆ. ಎಸಿ ಫಿಲ್ಟರ್ ಒದ್ದೆಯಾಗಿದ್ದರೆ ಇದೇ ಕಾರಣ ಎಂದು ಬಹುಮಟ್ಟಿಗೆ ಹೇಳಬಹುದು. ವೈಪರ್ ಕಡ್ಡಿ ಇರುವ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡು, ನಟ್ ಬಿಚ್ಚಿ, ಹೊದಿಕೆ ಎತ್ತಿ. ಕಸವನ್ನು ಕೈಯಿಂದ ತೆಗೆಯಿರಿ, ನೀರು ಬಿಟ್ಟು ಕೆಳಗೆ ತಳ್ಳಬೇಡಿ. ಆಮೇಲೆ ಒಂದೊಂದು ಮೂಲೆಗೂ ಒಂದು ಲೀಟರ್ ನೀರು ಸುರಿದರೆ ಮುಂದಿನ ಚಕ್ರದ ಹಿಂಬದಿಯಿಂದ ಸರಾಗವಾಗಿ ಇಳಿಯಬೇಕು. ಇದಕ್ಕೆ ಸೀಲೆಂಟೇ ಬೇಡ.

ಬಾಗಿಲಿನ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಗಾಜಿನ ಮೇಲೆ ಬಿದ್ದ ಮಳೆ ಬಾಗಿಲಿನೊಳಗೆ ಇಳಿಯುವುದು ಸಹಜ. ಕೆಳಗಿನ ತೂತುಗಳಿಂದ ಅದು ಹೊರಗೆ ಹೋಗುವಂತೆಯೇ ಬಾಗಿಲನ್ನು ಮಾಡಿರುತ್ತಾರೆ. ಆ ನೀರು ಒಳಬದಿಗೆ ಬರದಂತೆ ತಡೆಯುವುದು ಡೋರ್ ಪ್ಯಾಡ್ ಹಿಂದೆ ಅಂಟಿಸಿದ ಒಂದು ಪ್ಲಾಸ್ಟಿಕ್ ಹಾಳೆ. ಸ್ಪೀಕರ್ ಹಾಕಿದವರು, ಪವರ್ ವಿಂಡೋ ರಿಪೇರಿ ಮಾಡಿದವರು ಅದನ್ನು ಹರಿದು ಹಾಗೆಯೇ ಬಿಟ್ಟಿರುತ್ತಾರೆ. ಪ್ಯಾಡ್ ಬಿಚ್ಚಿ ನೋಡಿ. ಹಾಳೆಯ ಸುತ್ತ ಕಪ್ಪು ಬ್ಯೂಟೈಲ್ ಅಂಟು (ಮೆತ್ತಗಿನ ರಬ್ಬರಿನಂಥ ಅಂಟು) ಇರುತ್ತದೆ. ಎಲ್ಲಿ ಆ ಅಂಟಿನ ಮೇಲೆ ಧೂಳು ಕೂತು ಮಂಕಾಗಿದೆಯೋ ಅಲ್ಲಿ ಹಿಡಿತ ಬಿಟ್ಟಿದೆ, ನೀರಿನ ದಾರಿ ಅದೇ. ಹಳೆ ಅಂಟಿನ ಧೂಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಅದರ ಮೇಲೆಯೇ 6ರಿಂದ 8 ಮಿ.ಮೀ. ಅಗಲದ ಬ್ಯೂಟೈಲ್ ಟೇಪ್ ಇಟ್ಟು, ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ಒತ್ತಬೇಕು. ಹಾಳೆಯ ಕೆಳತುದಿ ಬಾಗಿಲಿನ ಸೀಳಿನ ಒಳಕ್ಕೆ ಹೋಗಿರಬೇಕು, ಹೊರಗೆ ಜೋತುಬಿದ್ದಿದ್ದರೆ ನೀರನ್ನು ಅದೇ ಕಾರ್ಪೆಟಿಗೆ ತಂದು ಬಿಡುತ್ತದೆ. ಹಾಳೆ ಹರಿದಿದ್ದರೆ ದಪ್ಪ ಪಾಲಿಥೀನ್ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿಕೊಳ್ಳಿ. ಬಾಗಿಲಿನ ಕೆಳಗಿನ ತೂತುಗಳನ್ನು ಅಂಡರ್ ಕೋಟಿಂಗ್ ಮಾಡಿದವರು ಮುಚ್ಚಿರುತ್ತಾರೆ, ಅವನ್ನೂ ಬಿಡಿಸಿ.

ಡಿಕ್ಕಿಯ ಗುಂಡಿಯಲ್ಲಿ ನೀರು ನಿಂತಿದ್ದರೆ ಹಿಂದಿನ ಲೈಟುಗಳನ್ನು ಬಿಚ್ಚಿ. ಲೈಟಿನ ಬೆನ್ನಿಗಿರುವ ಫೋಮ್ ಗ್ಯಾಸ್ಕೆಟ್ ವರ್ಷ ಕಳೆದಂತೆ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಅದರ ಮೇಲೆ ಸಣ್ಣ ಕಂದು ಗೆರೆಯೊಂದು ಹೊರ ಅಂಚಿನಿಂದ ಒಳ ಅಂಚಿಗೆ ದಾಟಿದ್ದರೆ ಸೋರಿಕೆ ಅದೇ. ಕೆಲವೊಮ್ಮೆ ಗ್ಯಾಸ್ಕೆಟ್ ಚೆನ್ನಾಗಿದ್ದು, ಲೈಟಿನ ಸ್ಟಡ್ (ಬೆನ್ನಿನಿಂದ ಚಾಚಿದ ಬೋಲ್ಟ್) ತೂರುವ ತೂತಿನಿಂದ ಹನಿ ಬರುತ್ತದೆ. ಸ್ಟಡ್ ಬುಡಕ್ಕೆ ಬ್ಯೂಟೈಲ್ ಸುತ್ತಿ, ಗ್ಯಾಸ್ಕೆಟ್ ಬದಲಿಸಿ, ನಟ್ಟನ್ನು ಕೈಬಿಗಿ ಬಂದ ಮೇಲೆ ಸ್ವಲ್ಪ ಮಾತ್ರ ತಿರುಗಿಸಿ. ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ. ಹಿಂದಿನ ಬಂಪರ್ ಒಳಗೆ ಕ್ಯಾಬಿನ್ ಗಾಳಿ ಹೊರಹೋಗುವ ರಬ್ಬರ್ ರೆಕ್ಕೆಯ ಕಿಟಕಿಗಳೂ ಇರುತ್ತವೆ. ಅದರ ಚೌಕಟ್ಟಿನ ಸುತ್ತ ಸೋರಿದರೆ ಚೌಕಟ್ಟನ್ನು ಮಾತ್ರ ಸೀಲ್ ಮಾಡಬೇಕು. ರೆಕ್ಕೆಗಳನ್ನೇ ಮುಚ್ಚಿದರೆ ಬಾಗಿಲು ಹಾಕಲು ಬಿರುಸಾಗುತ್ತದೆ, ಗಾಜಿಗೆ ಮಬ್ಬು ಕಟ್ಟುತ್ತದೆ.

ಸನ್‌ರೂಫ್ ಇದ್ದರೆ ನಾಲ್ಕು ಮೂಲೆಯ ಪೈಪುಗಳನ್ನು ತೆಳುವಾದ ನೈಲಾನ್ ದಾರದಿಂದ ಬಿಡಿಸಿ. ಕಂಪ್ರೆಸರ್ ಗಾಳಿ ಹೊಡೆದರೆ ಪೈಪ್ ಒಳಗೇ ಕಳಚಿಕೊಳ್ಳುತ್ತದೆ. ಮುಂಗಾಜು ಒಮ್ಮೆ ಬದಲಾಗಿ ಅದರ ಅಂಚಿನಿಂದ ಸೋರುತ್ತಿದ್ದರೆ ಹೊರಗಿನಿಂದ ಬಳಿಯುವುದು ತಾತ್ಕಾಲಿಕ. ಗಾಜು ತೆಗೆಸಿ, ಚೌಕಟ್ಟಿನ ತುಕ್ಕು ಕೆರೆಸಿ, ಪ್ರೈಮರ್ ಹಾಕಿಸಿ, ಪಾಲಿಯುರೆಥೇನ್ ಅಂಟಿನಲ್ಲಿ ಮತ್ತೆ ಕೂರಿಸಬೇಕು. ಇದು ಗಾಜಿನ ಕೆಲಸದವರದ್ದು, ಮನೆಯಲ್ಲಿ ಆಗುವಂಥದ್ದಲ್ಲ.

ಇನ್ನು ತಯಾರಿಕೆಯ ದೋಷ. ಟಾಪ್ ಮತ್ತು ಪಕ್ಕದ ತಗಡು ಸೇರುವ ಉದ್ದನೆಯ ಕಾಲುವೆಯಲ್ಲಿ, ರಬ್ಬರ್ ಪಟ್ಟಿಯ ಅಡಿ, ಕಾರ್ಖಾನೆಯಲ್ಲೇ ಸೀಮ್ ಸೀಲರ್, ಅಂದರೆ ತಗಡುಗಳ ಸಂದು ಮುಚ್ಚುವ ಪೇಸ್ಟ್, ಹಾಕಿರುತ್ತಾರೆ. ಅದು ಒಂದು ಕಡೆ ಬಿಟ್ಟುಹೋಗಿದ್ದರೆ ಅಥವಾ ಬಿರಿದಿದ್ದರೆ ಟಾಪಿನ ಮೇಲಿನ ನೀರು ಬಾಗಿಲ ಪಕ್ಕದ ಟೊಳ್ಳು ಕಂಬದೊಳಗೆ ಇಳಿದು ನೆಲಕ್ಕೆ ಬರುತ್ತದೆ. ಆದರೆ ಅಪಘಾತದ ರಿಪೇರಿಯಲ್ಲೂ ಹೀಗೇ ಆಗುತ್ತದೆ, ಎರಡನ್ನೂ ಬೇರ್ಪಡಿಸಿ ನೋಡುವುದು ಮುಖ್ಯ. ಕಾರ್ಖಾನೆಯ ಸೀಲರ್ ಮೇಲೆ ಕಾರಿನ ಬಣ್ಣವೇ ಇರುತ್ತದೆ, ಯಾಕೆಂದರೆ ಸೀಲರ್ ಹಾಕಿದ ಮೇಲೆ ಬಣ್ಣ ಹೊಡೆಯುತ್ತಾರೆ. ಸೀಲರ್ ಬಣ್ಣವಿಲ್ಲದೆ ಬೂದು ಅಥವಾ ಕಪ್ಪಾಗಿ ಕಂಡರೆ, ಪಕ್ಕದಲ್ಲಿ ಟೇಪ್ ಅಂಟಿಸಿ ಬಣ್ಣ ಹೊಡೆದ ಗೆರೆ ಕಂಡರೆ, ಅಲ್ಲಿ ಟಿಂಕರಿಂಗ್ ಆಗಿದೆ. ಬಾಗಿಲಿನ ಕೀಲಿನ ಬೋಲ್ಟುಗಳ ಬಣ್ಣ ಕಿತ್ತಿದೆಯೇ ನೋಡಿ. ಎಡಬದಿಯನ್ನು ಬಲಬದಿಯ ಜೊತೆ ಇಟ್ಟು ನೋಡಿ: ಕಾರ್ಖಾನೆಯ ಸೀಲರ್ ಎರಡೂ ಕಡೆ ಒಂದೇ ಥರ ಇರುತ್ತದೆ.

ಸರಿಪಡಿಸುವುದಾದರೆ ಸಿಲಿಕಾನ್ ಬೇಡ. ವಿನೆಗರ್ ವಾಸನೆಯ ಸಿಲಿಕಾನ್‌ನಿಂದ ಬರುವ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ, ಅದರ ಮೇಲೆ ಬಣ್ಣವೂ ಕೂರುವುದಿಲ್ಲ. ಬಿರಿದ ಸೀಲರನ್ನು ಪ್ಲಾಸ್ಟಿಕ್ ಅಲಗಿನಿಂದ ಕೆರೆದು, ತುಕ್ಕಿದ್ದರೆ ಉಜ್ಜಿ ಎಪಾಕ್ಸಿ ಪ್ರೈಮರ್ ಹಾಕಿ ಒಣಗಿಸಿ, ಪಾಲಿಯುರೆಥೇನ್ ಸೀಮ್ ಸೀಲರನ್ನು 2-3 ಮಿ.ಮೀ. ದಪ್ಪಕ್ಕೆ ಎಳೆದು ಬೆರಳಿನಿಂದ ತೀಡಬೇಕು. ಈ ಸೀಲರ್ ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವಂಥದ್ದು. ಹಾಗಾಗಿ ನಮ್ಮ ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ನಿಧಾನ. ಒಂದು ಪೂರ್ತಿ ದಿನ ಬಿಟ್ಟು, ಆಮೇಲೆ ಅದೇ ಜಾಗಕ್ಕೆ ಅದೇ ಐದು ನಿಮಿಷದ ನೀರು ಬಿಡಿ. ಕಾರ್ಪೆಟ್ ಹಾಕುವ ಮೊದಲು ನೆಲದ ವೈರ್ ಕನೆಕ್ಟರುಗಳನ್ನು ಬಿಚ್ಚಿ, ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆಯಿರಿ. ತಿಂಗಳುಗಳ ನಂತರ ಸೆಂಟ್ರಲ್ ಲಾಕ್ ಕೆಡುವುದು, ಬ್ಯಾಟರಿ ತಾನಾಗಿ ಇಳಿಯುವುದು ಎಷ್ಟೋ ಸಲ ಇದೇ ಕಿಲುಬಿನಿಂದ.

ದೋಷ ಕಾರ್ಖಾನೆಯದ್ದೇ ಅನ್ನಿಸಿದರೆ ಕೈ ಹಚ್ಚುವ ಮೊದಲು ಸರ್ವಿಸ್ ಸೆಂಟರಿಗೆ ಹೋಗಿ. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಯ ಚಾಸಿಸ್ ನಂಬರ್ ಕೊಟ್ಟು, ಬಾಕಿ ಇರುವ ರೀಕಾಲ್ (ದೋಷ ಸರಿಮಾಡಲು ಕಂಪನಿಯೇ ಕಾರುಗಳನ್ನು ಕರೆಸುವುದು) ಅಥವಾ ಸರ್ವಿಸ್ ಕ್ಯಾಂಪೇನ್ ಇದೆಯೇ ಎಂದು ಸಿಸ್ಟಮ್‌ನಲ್ಲಿ ನೋಡಿಸಿ. ಹಲವು ಕಂಪನಿಗಳ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ರೀಕಾಲ್ ಕೆಲಸಕ್ಕೆ ದುಡ್ಡಿಲ್ಲ, ನೀವು ಎಷ್ಟನೇ ಮಾಲೀಕರಾದರೂ ಸರಿ. ತೊಂದರೆ ಏನೆಂದರೆ ಕಂಪನಿಯ ಫೋನ್ ಹೋಗುವುದು ದಾಖಲೆಯಲ್ಲಿರುವ ಹಳೆ ಮಾಲೀಕರಿಗೆ. ಹಾಗಾಗಿ ಕೊಂಡ ವಾರವೇ ನಿಮ್ಮ ನಂಬರ್ ಅಲ್ಲಿ ಬದಲಿಸಿಕೊಳ್ಳಿ. 2021ರ ಸೆಪ್ಟೆಂಬರ್‌ನಲ್ಲಿ ಮಾರುತಿ ಸುಜುಕಿ 1,81,754 ಪೆಟ್ರೋಲ್ ಕಾರುಗಳನ್ನು ಎಂಜಿನ್‌ಗೆ ನೆರವಾಗುತ್ತ ಬ್ಯಾಟರಿ ತುಂಬುವ ಮೋಟರ್ ಜನರೇಟರ್ ಘಟಕದ ಪರೀಕ್ಷೆಗೆ ಕರೆಸಿತು. ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಝಾ, ಎಸ್-ಕ್ರಾಸ್, ಎಕ್ಸ್‌ಎಲ್6 ಅದರಲ್ಲಿದ್ದವು. ಅದು ಸರಿಯಾಗುವವರೆಗೆ ನೀರು ನಿಂತ ಕಡೆ ಓಡಿಸಬೇಡಿ, ಎಲೆಕ್ಟ್ರಿಕ್ ಭಾಗಗಳಿಗೆ ನೇರ ನೀರು ಹೊಡೆಯಬೇಡಿ ಎಂದೂ ಕಂಪನಿ ಹೇಳಿತ್ತು. ಇಂಥ ಕಾರನ್ನು ಈಗ ಕೊಳ್ಳುವವರು ಆ ಕೆಲಸ ಆಗಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಪೈಪ್ ಹಿಡಿಯಬೇಕು.

ಸರ್ವಿಸ್ ಸೆಂಟರಿನವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ 'ನೀರು ಸೋರುತ್ತದೆ' ಎಂದಷ್ಟೇ ಬರೆಸಬೇಡಿ. 'ಟಾಪಿನ ಎಡ ಕಾಲುವೆಗೆ ಐದು ನಿಮಿಷ ನೀರು ಬಿಟ್ಟರೆ ಎಡ ಕಂಬದ ಬುಡದಲ್ಲಿ ಹನಿ ಬರುತ್ತದೆ' ಎಂದು ಬರೆಸಿ, ವಿಡಿಯೋ ತೋರಿಸಿ. ವಾರಂಟಿ ಇನ್ನೂ ಇದ್ದರೆ, ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸಿದ ದಾಖಲೆ ಜೊತೆಗಿರಲಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಮಿನಡಿ ಸುರಕ್ಷತೆಗೆ ಧಕ್ಕೆ ತರುವ ದೋಷಕ್ಕೆ ಸರ್ಕಾರವೇ ರೀಕಾಲ್ ಆದೇಶ ಮಾಡಬಹುದು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತವೆ. ನೆಲದ ತೇವ ಏರ್‌ಬ್ಯಾಗ್ ಕನೆಕ್ಟರಿಗೆ ಮುಟ್ಟುತ್ತಿದ್ದರೆ ಅದು ಬರೀ ಕಾರ್ಪೆಟಿನ ಸಮಸ್ಯೆಯಲ್ಲ, ಸುರಕ್ಷತೆಯದ್ದು. ದೂರಿನಲ್ಲಿ ಆ ಮಾತನ್ನು ಫೋಟೋ ಸಮೇತ ಬರೆಯಿರಿ. ಸರ್ವಿಸ್ ಸೆಂಟರ್ ಕೈಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಆದ್ದರಿಂದ ಮೊದಲ ಜಾಬ್ ಕಾರ್ಡಿನ ಪ್ರತಿಯನ್ನು ತಾರೀಕಿನ ಸಮೇತ ಎತ್ತಿಟ್ಟುಕೊಳ್ಳಿ.