ಪಾತ್ರಕ್ಕೆ ಜೀವ ಬರಬೇಕೆ? ಕಂಡಕ್ಟರನ ಚಿಲ್ಲರೆ ನೋಡಿ

ದೀಪಾವಳಿ ಕಥಾಸ್ಪರ್ಧೆಗಳ ಹೊತ್ತಿಗೆ ಪರಿಚಯದವರು ‘ಒಮ್ಮೆ ಕಣ್ಣಾಡಿಸಿ’ ಎಂದು ಕಥೆಗಳನ್ನು ತಂದುಕೊಡುತ್ತಾರೆ. ಬಹಳಷ್ಟರ ಮೊದಲ ಸಾಲು ಹೀಗಿರುತ್ತದೆ: ‘ರಾಮಯ್ಯ ಬಡವ, ಆದರೆ ಸ್ವಾಭಿಮಾನಿ.’ ಅಲ್ಲಿಗೆ ರಾಮಯ್ಯ ಮುಗಿದ. ಮುಂದಿನ ಹತ್ತು ಪುಟ ಆ ಎರಡು ಮಾತಿಗೆ ಸಾಕ್ಷಿ ನುಡಿಯುವುದಷ್ಟೇ ಅವನ ಪಾಲಿನ ಕೆಲಸ.

ಮೊದಲು ಪಾತ್ರವಾಗಬಲ್ಲ ಆಳನ್ನು ಹುಡುಕಿ. ಒಂದು ವಾರ ಮೊಬೈಲನ್ನು ಜೇಬಿನಲ್ಲಿಟ್ಟು ಬಸ್ಸಿನಲ್ಲಿ ಓಡಾಡಿದರೆ ಸಾಕು. ಕಂಡದ್ದನ್ನು ಬರೆದಿಡಲು ಚರ್ಮದ ಹೊದಿಕೆಯ ದುಬಾರಿ ಡೈರಿ ಕೊಳ್ಳಬೇಡಿ. ಅದರಲ್ಲಿ ಗೀಚಲು ಮನಸ್ಸೇ ಬರುವುದಿಲ್ಲ.

ಆಮೇಲೆ ಹೆಸರು. ಹೆಸರಿಗೆ ಊರೂ ಇದೆ, ಕಾಲವೂ ಇದೆ. ಮಂಡ್ಯ ಕಡೆಯ ಎಪ್ಪತ್ತರ ರೈತ ‘ವಿಹಾನ್’ ಆಗಲಾರ. ಊರವರು ಇಟ್ಟ ಅಡ್ಡಹೆಸರಾದರೆ ಇನ್ನೂ ಒಳ್ಳೆಯದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಯನ್ನು ನಾಯಿಗುತ್ತಿ ಎಂದೊಡನೆ ಅವನ ಹಿಂದೆ ಅವನ ನಾಯಿ ಹುಲಿಯನೂ ಬಂದು ನಿಲ್ಲುತ್ತದೆ.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ. ಪಾತ್ರವನ್ನು ಬಣ್ಣಿಸುವುದಲ್ಲ, ಸಣ್ಣದೊಂದು ಇಕ್ಕಟ್ಟಿಗೆ ಸಿಕ್ಕಿಸಬೇಕು. ನಿಮ್ಮ ಪಾತ್ರ ಕಂಡಕ್ಟರ್ ಎಂದಿಟ್ಟುಕೊಳ್ಳಿ. ಚಿಲ್ಲರೆಯಿಲ್ಲದೆ ಟಿಕೆಟ್ಟಿನ ಹಿಂದೆ ‘80’ ಎಂದು ಬರೆದುಕೊಟ್ಟಿದ್ದಾನೆ. ಅಜ್ಜನೊಬ್ಬ ಅದನ್ನು ಮರೆತು ಇಳಿದುಹೋದ. (ಅಜ್ಜಿ ಬೇಡ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಆಕೆಗೆ ಪ್ರಯಾಣ ಉಚಿತ. ಈಗಿನ ಕಥೆ ಬರೆಯುವವರಿಗೆ ಇಷ್ಟಾದರೂ ನೆನಪಿರಬೇಕು.) ಅಜ್ಜ ಇಳಿದದ್ದನ್ನು ಕಂಡಕ್ಟರ್ ನೋಡಿದ್ದಾನೆ. ಕೂಗಿ ಕರೆದು ಕೊಟ್ಟರೆ ಅದು ನೀತಿಪಾಠ. ನುಂಗಿ ನಕ್ಕರೆ ಸಿನಿಮಾದ ಖಳ. ರೈಟ್ ಹೇಳಿ ಬಸ್ ಹೊರಡಿಸಿದ ಎನ್ನೋಣ. ಮರುದಿನ ಅದೇ ಅಜ್ಜ ಹತ್ತಿದಾಗ, ‘ಬಾಕಿ ಇಸಿದುಕೊಳ್ಳದೆ ಓಡಿಹೋಗುವುದೆ? ನಿಮ್ಮನ್ನು ಎಲ್ಲಿ ಹುಡುಕಲಿ?’ ಎಂದು ಎಲ್ಲರೆದುರು ಗದರಿ, ಅರವತ್ತು ರೂಪಾಯಿ ಕೈಗಿಟ್ಟರೆ? ಉಳಿದ ಇಪ್ಪತ್ತು ಎಲ್ಲಿ ಹೋಯಿತು, ಗದರಿದ್ದು ಯಾಕೆ? ಅಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಂಡ.

ಈ ಘಟ್ಟವನ್ನು ಮೂರು ರೀತಿ ಬರೆಯಿರಿ, ಮೊದಲನೆಯದನ್ನು ಹರಿದುಹಾಕಿ. ಅದು ನೀವು ಎಲ್ಲೋ ಓದಿದ್ದು. ಉಳಿದವುಗಳಲ್ಲಿ ಮುಗ್ಧ, ದುಷ್ಟ, ಸ್ವಾಭಿಮಾನಿ ಎಂದು ಎಲ್ಲೆಲ್ಲಿ ಬರೆದಿದ್ದೀರೋ ಅಲ್ಲೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಮೊಬೈಲಿನಲ್ಲಿ ಸಿಗುವ ‘ಪಾತ್ರ ಕಟ್ಟಲು ನೂರು ಪ್ರಶ್ನೆ’ಗಳ ಪಟ್ಟಿಗಳು ಶುದ್ಧ ಕಾಲಹರಣ. ಕಂಡಕ್ಟರನಿಗೆ ಇಷ್ಟದ ಬಣ್ಣ ಯಾವುದಾದರೆ ನನಗೇನು? ಸಂಜೆ ಡಿಪೋದಲ್ಲಿ ಅವನ ಲೆಕ್ಕಕ್ಕೆ ಎಷ್ಟು ಕಡಿಮೆ ಬಿತ್ತು, ಅದನ್ನು ಹೇಳಿ.

ಸಂಭಾಷಣೆಯನ್ನು ಗಟ್ಟಿಯಾಗಿ ಓದಿ ತಿದ್ದಿ. ಧಾರವಾಡದವನ ಬಾಯಲ್ಲಿ ಮೈಸೂರು ಮಾತು ಬರಬಾರದು.

ಗೊತ್ತಿದ್ದವರನ್ನೇ ಪಾತ್ರ ಮಾಡುವುದಾದರೆ ಕಸುಬು, ಊರು, ಸಾಧ್ಯವಾದರೆ ಗಂಡು ಹೆಣ್ಣೂ ಬದಲಾಗಲಿ. ನಾನೊಮ್ಮೆ ಮೀಸೆ ಮಾತ್ರ ಬೋಳಿಸಿದ್ದೆ. ಚಿಕ್ಕಪ್ಪ ಎರಡು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.