ಮಳೆಗಾಲದ ಲ್ಯಾಬಿಗೆ ಪೈಥಾನ್: ಜತೆಯಲ್ಲೇ ಏನಿರಲಿ, ಏನು ಬೇಡ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟೂ ಹೋಯಿತು, ನೆಟ್ಟೂ ಹೋಯಿತು. ಕಾಲೇಜು ಲ್ಯಾಬಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹಾಕುವವರು ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ನೆಟ್ ಇಲ್ಲದ ದಿನ ವಿದ್ಯಾರ್ಥಿ ಪ್ರೋಗ್ರಾಂ ಬರೆದು, ಓಡಿಸಿ, ತಪ್ಪು ಹುಡುಕಿ, ಉಳಿಸಿಕೊಂಡು ಹೋಗಲು ಆಗುತ್ತದೆಯೇ? ಅದಕ್ಕೆ ಬೇಕಾದ್ದೆಲ್ಲ ಮೊದಲೇ ಇರಲಿ. ಉಳಿದದ್ದನ್ನು ಬೇಕಾದವರು ಆಮೇಲೆ ಹಾಕಿಕೊಳ್ಳಲಿ.

ಪೈಥಾನ್ ಜತೆ ಬಂದಿರುವುದೇನೆಂದು ನೋಡಿ. ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಪ್ರೋಗ್ರಾಂ ಬರೆಯಲು ಐಡಲ್ ಎಡಿಟರ್, ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಹಾಕಿಕೊಡುವ ಪಿಪ್, ಒಂದು ಕೆಲಸದ ಲೈಬ್ರರಿಗಳನ್ನು ಬೇರೆಯಾಗಿಡುವ ವೆನ್ವ್, ತಪ್ಪು ಹುಡುಕುವ ಡಿಬಗರ್, ಪುಟ್ಟ ಡೇಟಾಬೇಸ್ ಎಸ್‌ಕ್ಯುಲೈಟ್ ಎಲ್ಲ ಇರುತ್ತವೆ. ಉಬುಂಟು ಲಿನಕ್ಸ್‌ನಲ್ಲಿ ಐಡಲ್, ಟಿಕಿಂಟರ್ (ಕಿಟಕಿ, ಬಟನ್ ಮಾಡುವ ಲೈಬ್ರರಿ), ವೆನ್ವ್‌ಗಳಿಗೆ ಬೇರೆ ಬೇರೆ ಪ್ಯಾಕೇಜುಗಳಿವೆ. ಮರೆತರೆ ತರಗತಿಯ ನಡುವೆಯೇ ಕೆಲಸ ನಿಲ್ಲುತ್ತದೆ.

ಎಡಿಟರ್ ಒಂದೇ ಸಾಕು. ಹೊಸಬರಿಗೆ ಥಾನಿ ಎಂಬ ಎಡಿಟರ್ ಒಳ್ಳೆಯದು, ವೇರಿಯಬಲ್‌ಗಳ ಬೆಲೆ ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಆದರೆ ವಿಂಡೋಸ್‌ನಲ್ಲಿ ಥಾನಿ ತನ್ನದೇ ಪೈಥಾನ್ ಹೊತ್ತು ತರುತ್ತದೆ. ಲೈಬ್ರರಿಯನ್ನು ಇನ್ನೊಂದು ಪೈಥಾನಿಗೆ ಹಾಕಿದ್ದರೆ ಥಾನಿಗೆ ಅದು ಸಿಗುವುದಿಲ್ಲ, ಯಾವ ಪೈಥಾನ್ ಬಳಸಬೇಕೆಂದು ಹೇಳುವ ಇಂಟರ್‌ಪ್ರಿಟರ್ ಆಯ್ಕೆಯಲ್ಲಿ ಸರಿಪಡಿಸಬೇಕು. ವಿಎಸ್ ಕೋಡ್ ಎಡಿಟರ್ ಆರಿಸಿದರೆ ಪೈಥಾನ್ ಎಕ್ಸ್‌ಟೆನ್ಶನ್ ಪ್ರತ್ಯೇಕವಾಗಿ ಹಾಕಬೇಕು. ಆಟೋ ಸೇವ್ ತಾನಾಗಿ ಚಾಲೂ ಇರುವುದಿಲ್ಲ, ಅದನ್ನೂ ನೀವೇ ಹಾಕಿಡಿ. ಕರೆಂಟಿನ ನಂಬಿಕೆಯಿಲ್ಲದ ಊರಿನಲ್ಲಿ ಇದು ತೀರಾ ಅಗತ್ಯ.

ಲೈಬ್ರರಿಗಳಲ್ಲಿ ಪಠ್ಯಕ್ರಮ ಕೇಳುವಷ್ಟೇ ಇರಲಿ: ಲೆಕ್ಕಕ್ಕೆ ನಂಪೈ, ದತ್ತಾಂಶಕ್ಕೆ ಪಾಂಡಾಸ್, ನಕ್ಷೆ ಬಿಡಿಸಲು ಮ್ಯಾಟ್‌ಪ್ಲಾಟ್‌ಲಿಬ್‌ನಂಥವು. ನೆಟ್ ಇರುವಾಗ 'ಪಿಪ್ ಡೌನ್‌ಲೋಡ್' ಆಜ್ಞೆಯಿಂದ ವೀಲ್ ಫೈಲುಗಳನ್ನು (ಲೈಬ್ರರಿಯ ಸಿದ್ಧ ಪೊಟ್ಟಣಗಳನ್ನು) ಇಳಿಸಿಕೊಂಡು, ಪೆನ್ ಡ್ರೈವ್‌ನಲ್ಲಿ ಒಯ್ದು ಪ್ರತಿ ಕಂಪ್ಯೂಟರಿನ ಒಂದೇ ಫೋಲ್ಡರಿನಲ್ಲಿಡಿ. ಇಳಿಸುವ ಯಂತ್ರದ ಆಪರೇಟಿಂಗ್ ಸಿಸ್ಟಂ, ಪೈಥಾನ್ ಆವೃತ್ತಿ ಎರಡೂ ಲ್ಯಾಬಿನದ್ದೇ ಆಗಿರಬೇಕು. 3.11ಕ್ಕೆ ಇಳಿಸಿದ ನಂಪೈ ವೀಲ್ 3.12ರಲ್ಲಿ ಕೂರುವುದಿಲ್ಲ. ಹೊಸದಾಗಿ ಮಾಡಿದ ವೆನ್ವ್‌ನಲ್ಲಿ ಈ ಲೈಬ್ರರಿಗಳು ತಾವಾಗಿ ಬರುವುದಿಲ್ಲ. ಪಿಪ್ ನೆಟ್ ಹುಡುಕಿ ಸೋಲುತ್ತದೆ. ಪಿಪ್‌ಗೆ 'ನೋ ಇಂಡೆಕ್ಸ್' (ನೆಟ್ ಹುಡುಕಬೇಡ), 'ಫೈಂಡ್ ಲಿಂಕ್ಸ್' (ಇಲ್ಲಿ ಹುಡುಕು) ಆಯ್ಕೆಗಳಿಂದ ವೀಲ್ ಫೈಲುಗಳಿರುವ ಆ ಫೋಲ್ಡರನ್ನು ತೋರಿಸಿ. ಪೈಥಾನಿನ ಅಧಿಕೃತ ಕೈಪಿಡಿಯನ್ನೂ ಇಳಿಸಿ ಅಲ್ಲೇ ಇಡಿ.

ಕನ್ನಡವಿರುವ ಫೈಲನ್ನು ಓದುವ ಪ್ರೋಗ್ರಾಮಿಗೆ ಇನ್ನೊಂದು ತಯಾರಿ ಬೇಕು. ವಿಂಡೋಸ್‌ನಲ್ಲಿ 3.14ರವರೆಗಿನ ಪೈಥಾನ್, ಹೇಳದಿದ್ದರೆ, ಫೈಲನ್ನು ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗಳ ಅಕ್ಷರ ಉಳಿಸುವ ಎನ್‌ಕೋಡಿಂಗ್) ಎಂದುಕೊಂಡು ತೆರೆಯುವುದಿಲ್ಲ. ಅಕ್ಷರಗಳು ಕೆಡುತ್ತವೆ, ಇಲ್ಲವೇ ಎರರ್ ಬರುತ್ತದೆ. ಫೈಲ್ ತೆರೆಯುವಾಗಲೇ ಎನ್‌ಕೋಡಿಂಗ್ ಬರೆಯುವುದನ್ನು ಕಲಿಸಿ.

ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಪೈಥಾನ್ ತಂಡವೇ ಜತೆಯಲ್ಲೇ ಬರುತ್ತಿದ್ದ 19 ಹಳೆಯ ಮಾಡ್ಯೂಲ್‌ಗಳನ್ನು (ಕೋಡಿನ ಭಾಗಗಳನ್ನು) ತೆಗೆಯಲು 2022ರ 3.11ರಲ್ಲಿ ಮುನ್ಸೂಚನೆ ಕೊಟ್ಟು, 2024ರ 3.13ರವರೆಗೆ ಕಾದಿತು. ಲ್ಯಾಬಿನಲ್ಲೂ ಸೆಮಿಸ್ಟರ್ ನಡುವೆ ಏನನ್ನೂ ತೆಗೆಯಬೇಡಿ, ಆವೃತ್ತಿಯನ್ನೂ ಬದಲಿಸಬೇಡಿ.

ಕೊನೆಗೆ ಒಂದು ಕಂಪ್ಯೂಟರಿನ ನೆಟ್ ಕೇಬಲ್ ಕಿತ್ತು, ವಿದ್ಯಾರ್ಥಿಯ ಖಾತೆಯಿಂದ ಲಾಗಿನ್ ಆಗಿ ಮೊದಲ ತಿಂಗಳ ಪ್ರಯೋಗಗಳನ್ನೆಲ್ಲ ಓಡಿಸಿ. ಎಲ್ಲಾದರೂ ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಅಥವಾ ಡೌನ್‌ಲೋಡ್‌ಗೆ ಕೈಚಾಚಿದರೆ ಅದನ್ನು ಸರಿಮಾಡಿದ ಮೇಲೆಯೇ ಉಳಿದ ಯಂತ್ರಗಳಿಗೆ ನಕಲಿಸಿ.